ಬಿಚ್ಚದ ಬನಿಯನ್

ಶಿಕಾರಿಪುರದ ನಮ್ಮ ಮನೆಯಲ್ಲಿ ಬೆಳಗಿನ ಆರೂವರೆಗೆ ಅಪ್ಪನ ಲಿಂಗಪೂಜೆ ಶುರುವಾಗುತ್ತಿತ್ತು. ಸ್ನಾನ ಮುಗಿಸಿ ಮಡಿಪಂಚೆ ಉಟ್ಟು, ನಡುಮನೆಯಲ್ಲಿ ಬರಿಮೈಯಲ್ಲಿ ಕೂತು, ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದುಕೊಂಡು ಅಂಗೈಯ ಮೇಲೆ ಲಿಂಗವಿಟ್ಟುಕೊಳ್ಳುತ್ತಿದ್ದರು. ದೀಕ್ಷೆಯಾದ ಮೇಲೆ ನಾನೂ ಹಾಗೇ ಬರಿಮೈಯಲ್ಲಿ ಅವರ ಎಡಗಡೆ ಕೂರತೊಡಗಿದೆ. ಒದ್ದೆ ವಿಭೂತಿ ಹಚ್ಚಿದ ಮೂರು ಬೆರಳನ್ನು ಅವರು ನನ್ನ ಎದೆಯ ಮೇಲೆ ಎಳೆದಾಗ ತಣ್ಣಗಾಗಿ ನಗು ಬರುತ್ತಿತ್ತು. "ಪೂಜೆ ಟೈಮಲ್ಲಿ ನಗಬಾರದು ಕಣೋ" ಎನ್ನುತ್ತಲೇ ಅವರೂ ನಗುತ್ತಿದ್ದರು. ಪೂಜೆ ಮುಗಿದರೆ ತಿಂಡಿ, ಆಮೇಲೆ ಅವರು ಶಿರಾಳಕೊಪ್ಪದ ಬಸ್ಸಿಗೆ, ನಾನು ಶಾಲೆಗೆ. ಶಿರಾಳಕೊಪ್ಪದಲ್ಲಿ ಅವರದು ಕಾಳುಕಡಿ ವ್ಯಾಪಾರ. ಒಬ್ಬನೇ ಮಗನಾದ ನನ್ನ ಜೊತೆ ಅವರು ಪ್ರತಿದಿನ ನೆಮ್ಮದಿಯಾಗಿ ಕೂರುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಇದು ನನಗೆ ಆಗ ಗೊತ್ತಿರಲಿಲ್ಲ.

ಎಂಟನೇ ತರಗತಿಯಲ್ಲಿದ್ದಾಗ ಎಡಗಡೆ ಮೊಲೆತೊಟ್ಟಿನ ಹಿಂದೆ ಹುಣಸೆಬೀಜದಷ್ಟು ಗಟ್ಟಿ ಏನೋ ಕೈಗೆ ಸಿಕ್ಕಿತು. ಮುಟ್ಟಿದರೆ ನೋಯುತ್ತಿತ್ತು. ಕೆಲವು ತಿಂಗಳಲ್ಲಿ ಬಲಗಡೆಗೂ ಬಂತು. ವರ್ಷ ತಿರುಗುವಷ್ಟರಲ್ಲಿ ಎರಡೂ ಕಡೆ ಉಬ್ಬಿ, ಅಂಗಿಯ ಮೇಲೂ ಕಾಣುವಂತಾಯಿತು. ನಾನು ದಪ್ಪಗಿನ ಹುಡುಗನಲ್ಲ. ಕೈಕಾಲು ಕಡ್ಡಿಯಂತಿದ್ದವು. ಅದಕ್ಕೇ ಅದು ಇನ್ನಷ್ಟು ಎದ್ದು ಕಾಣುತ್ತಿತ್ತು. ಡ್ರಿಲ್ ಪೀರಿಯಡ್ಡಿನಲ್ಲಿ ಮೈದಾನದ ಸುತ್ತ ಓಡುವಾಗ ಒಬ್ಬ ಹಿಂದಿನಿಂದ "ಅಕ್ಕಾ, ಮೆಲ್ಲಗೆ" ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನ್ನ ಹೆಸರು ಅದೇ ಆಯಿತು. ಹೊಡೆದಿದ್ದರೆ ಮನೆಯಲ್ಲಿ ಹೇಳಬಹುದಿತ್ತು. ಅಕ್ಕ ಅಂದರು ಅಂತ ಹೇಳಿದರೆ ಯಾಕೆ ಅಂದರು ಅನ್ನುವುದನ್ನೂ ಹೇಳಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ನಾನು ಬನಿಯನ್ ಹಾಕಿಕೊಂಡೇ ಪೂಜೆಗೆ ಕೂತೆ. "ಬನಿಯನ್ ತಗಿಯೋ" ಅಂದರು ಅಪ್ಪ. ಚಳಿ ಅಂದೆ. ಮಾಗಿಯ ದಿನಗಳಾದ್ದರಿಂದ ಒಪ್ಪಿಕೊಂಡರು. ಬೇಸಿಗೆ ಬಂದಾಗ ಆ ನೆಪ ನಡೆಯಲಿಲ್ಲ. ಏಳುವುದನ್ನೇ ತಡ ಮಾಡಿದೆ. ಬೇಕಂತಲೇ ಸ್ನಾನಕ್ಕೆ ಹೊತ್ತು ಮಾಡಿ, ಅವರು ಬಸ್ಸಿಗೆ ಹೋದ ಮೇಲೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಅವಸರದಲ್ಲಿ ಪೂಜೆ ಮುಗಿಸುತ್ತಿದ್ದೆ. ಅಪ್ಪ ಒಂದೆರಡು ವರ್ಷ ಬಯ್ದರು, ಆಮೇಲೆ ಕರೆದರು, ಆಮೇಲೆ ಕೇಳಿಕೊಂಡರು. ನಾನು ಪ್ರತಿಸಲ ಒಂದೊಂದು ಸುಳ್ಳು ಹೇಳಿದೆ.

ಕಾಲೇಜಿನಲ್ಲಿದ್ದಾಗ ಧೈರ್ಯ ಮಾಡಿ ಊರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಅಂಗಿ ಬಿಚ್ಚಿಸದೆಯೇ ಅವರು, "ಬೊಜ್ಜು ಕಣಯ್ಯಾ, ದಿನಾ ಓಡು, ಕರಗುತ್ತೆ" ಅಂದರು. ಕೆರೆ ಏರಿಯ ಮೇಲೆ ದಿನವೂ ಓಡಿದೆ. ಕೆನ್ನೆ ಒಳಗೆ ಹೋಯಿತು, ಪ್ಯಾಂಟು ಸಡಿಲವಾಯಿತು. ಎದೆ ಮಾತ್ರ ಹಾಗೇ ಉಳಿಯಿತು. ಪೇಪರಿನ ಜಾಹೀರಾತು ನೋಡಿ ಅಂಚೆಯಲ್ಲಿ ಗುಳಿಗೆ ತರಿಸಿದೆ, ಹೊಟ್ಟೆ ಕೆಟ್ಟಿತು. ಅಲ್ಲಿಗೆ ಕೈಬಿಟ್ಟೆ. ಅಷ್ಟು ಹೊತ್ತಿಗೆ ಮುಚ್ಚಿಡುವುದರಲ್ಲಿ ಪಳಗಿದ್ದೆ: ಒಂದರ ಮೇಲೊಂದು ಎರಡು ಬಿಗಿ ಬನಿಯನ್, ಮೇಲೆ ಜೇಬಿರುವ ದಪ್ಪ ಚೌಕಳಿ ಅಂಗಿ, ಬೆನ್ನು ಸ್ವಲ್ಪ ಬಾಗಿಸಿ ಭುಜ ಮುಂದಕ್ಕೆ ತಂದು ನಡೆಯುವುದು.

ನಾನು ಜಮೀನು ಅಳತೆಯ ಲೈಸೆನ್ಸ್ ಸರ್ವೆಯರ್ ಆದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಜಮೀನು ಭಾಗ ಮಾಡುವ ಪೋಡಿ, ಗಡಿ ಗುರುತಿಸುವ ಹದ್ದುಬಸ್ತು ಅಂತ ಹೊಲ ಹೊಲ ತಿರುಗುವ ಕೆಲಸ. ಬಿಸಿಲಿನಲ್ಲಿ ಎರಡು ಬನಿಯನ್ ತೊಟ್ಟು ಬದು ಹತ್ತಿ ಇಳಿಯುವಾಗ ಬೆವರಿಗೆ ಅಂಗಿ ಮೈಗಂಟಿಕೊಳ್ಳುತ್ತಿತ್ತು. ಆಗ ನಕ್ಷೆಯ ಫೈಲನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ. "ನಮ್ ಸರ್ವೆಯರು ಕಾಗದಪತ್ರ ಭಾಳ ಜೋಪಾನ ಮಾಡ್ತಾರೆ" ಎಂದು ರೈತರು ನನ್ನ ಬಗ್ಗೆ ಹೇಳುತ್ತಿದ್ದರಂತೆ.

ನನ್ನ ಹೆಂಡತಿ ಸೊರಬ ಸೀಮೆಯವಳು, ಹೊಸಬಾಳೆಯ ರೈತರ ಮನೆಯ ಮಗಳು. ಅರಿಶಿನ ಎಣ್ಣೆ ಹಚ್ಚುವ ಶಾಸ್ತ್ರದಲ್ಲೂ ನಾನು ಬನಿಯನ್ ಬಿಚ್ಚಿರಲಿಲ್ಲ. ನಾಚಿಕೆ ಸ್ವಭಾವದ ಹುಡುಗ ಎಂದು ಅವಳ ಕಡೆಯವರು ಮೆಚ್ಚಿಕೊಂಡರು. ಮದುವೆಯಾಗಿ ಹನ್ನೆರಡು ವರ್ಷ, ಒಬ್ಬಳು ಮಗಳು ಹುಟ್ಟಿ ಶಾಲೆಗೆ ಹೋಗುವ ತನಕವೂ, ನಾನು ಅವಳ ಮುಂದೆ ಒಮ್ಮೆಯೂ ಬರಿಮೈಯಲ್ಲಿ ಇರಲಿಲ್ಲ. ಅವಳೂ ಯಾಕೆ ಅಂತ ಕೇಳಲಿಲ್ಲ. ಅವಳಿಗೆ ಗೊತ್ತಿಲ್ಲ ಎಂದೇ ನಾನು ನಂಬಿಕೊಂಡಿದ್ದೆ. ಈಗ ಯೋಚಿಸಿದರೆ ಎಂಥ ಹುಚ್ಚು ನಂಬಿಕೆ ಅನಿಸುತ್ತದೆ.

ಅಪ್ಪ ತೀರಿಕೊಳ್ಳುವುದಕ್ಕೆ ನಾಲ್ಕೈದು ವರ್ಷ ಮುಂಚೆ ನಮ್ಮ ಮನೆಯಲ್ಲಿ ಗುರುಗಳ ಪಾದಪೂಜೆ ಇಟ್ಟುಕೊಂಡಿದ್ದರು. ನೆಂಟರು, ಶಿರಾಳಕೊಪ್ಪದ ವ್ಯಾಪಾರಸ್ಥರು ಎಲ್ಲರಿಗೂ ಹೇಳಿದ್ದರು. ಹಿಂದಿನ ದಿನ ಸಂಜೆ ನಾನು ಚಪ್ಪಲಿ ಕಳಚುತ್ತಿರುವಾಗ ಹತ್ತಿರ ಬಂದು, "ನಾಳೆ ಒಂದಿನ ನನ್ನ ಪಕ್ಕ ಕುಂದ್ರು ತಮ್ಮಾ. ಜನ ಇರ್ತಾರೆ. ತಂದೆ ಮಗ ಕೂತ್ರೆ ಚಂದ" ಅಂದರು.

"ಆಯ್ತಪ್ಪ" ಅಂದೆ.

ಅವರ ಮುಖ ಅರಳಿದ್ದು ನನಗೆ ಕಾಣಿಸಿತು. ಒಳಗೆ ಹೋಗಿ ಅವ್ವನಿಗೆ, "ಅವನಿಗೂ ಒಂದು ಹೊಸಾ ಮಡಿ ತಗದಿಡು" ಅಂದದ್ದೂ ಕೇಳಿಸಿತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನು ಬೈಕ್ ಹತ್ತಿ ಸೊರಬದ ಕಡೆ ಹೊರಟುಬಿಟ್ಟಿದ್ದೆ. ಗಡಿ ತಕರಾರಿನ ಒಂದು ಜಮೀನು, ಎರಡೂ ಕಡೆಯವರು ಇವತ್ತೇ ಸೇರುತ್ತಾರಂತೆ, ಬಿಟ್ಟರೆ ಕೆಡುತ್ತದೆ ಎಂದು ಹೆಂಡತಿಗೆ ಹೇಳಿ ಬಂದಿದ್ದೆ. ಸುಳ್ಳು. ಆ ಜಮೀನಿನವರೇ ನನ್ನನ್ನು ನೋಡಿ, "ನೀವು ನಾಡಿದ್ದು ಬರ್ತೀನಿ ಅಂದಿದ್ರಲ್ರೀ" ಎಂದು ಆಶ್ಚರ್ಯಪಟ್ಟರು. ದಿನವಿಡೀ ಬೇಡದ ಅಳತೆ ಮಾಡಿದೆ. ಸಂಜೆ ಮನೆಗೆ ಬಂದಾಗ ಜನವೆಲ್ಲ ಹೋಗಿದ್ದರು. ಅಪ್ಪ ಕಟ್ಟೆಯ ಮೇಲೆ ಕೂತು ಬಾಳೆಲೆಗಳನ್ನು ಹಸುವಿಗೆ ಹಾಕುವುದಕ್ಕೆ ಒಟ್ಟು ಮಾಡುತ್ತಿದ್ದರು. ಬಯ್ಯುತ್ತಾರೆಂದು ನಿಂತೆ.

"ಅಳತೆ ಮುಗೀತಾ?" ಅಂದರು.

"ಮುಗೀತು."

"ಹೋಗು, ಕೈಕಾಲು ತೊಳ್ಕ. ಹೋಳಿಗೆ ಇಟ್ಟದಾಳೆ ನಿಮ್ಮವ್ವ."

ಅವತ್ತಿನಿಂದ ಅವರು ಪೂಜೆಗೆ ನನ್ನನ್ನು ಕರೆಯಲಿಲ್ಲ. ಆಮೇಲೆ ನಮ್ಮಿಬ್ಬರ ನಡುವೆ ಕರೆಂಟು ಬಿಲ್ಲು, ಮಗಳ ಶಾಲೆ, ಮಳೆ, ಇಷ್ಟೇ ಮಾತು.

ಕೊನೆಯ ಸಲ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಉಸಿರಾಟ ಕಷ್ಟವಾಗಿತ್ತು. ಎರಡನೆಯ ದಿನ ಸ್ವಲ್ಪ ಚೇತರಿಸಿಕೊಂಡರು. ಮಧ್ಯಾಹ್ನ ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದೆ. ಅವರು ನನ್ನನ್ನೇ ನೋಡುತ್ತಿದ್ದವರು ಮೆಲ್ಲಗೆ ಅಂದರು, "ನಿಂಗೆ ಪೂಜೆ ಪುನಸ್ಕಾರದಾಗೆ ನಂಬಿಕೆ ಇಲ್ಲ ಅಂದ್ರೆ ಇರ್ಲಿ. ಅದಕ್ಕೆ ನಾನು ಬೇಜಾರು ಮಾಡ್ಕಳಲ್ಲ. ನನ್ನ ಮ್ಯಾಲೆ ಏನಾರ ಸಿಟ್ಟಿತ್ತೇನೋ ತಮ್ಮಾ?"

"ಇಲ್ಲಪ್ಪ. ಹಂಗೇನಿಲ್ಲ."

"ಮತ್ತೆ?"

ಆ ಒಂದು ಪದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ವಾರ್ಡಿನಲ್ಲಿ ಆಗ ಹೆಚ್ಚು ಜನರೂ ಇರಲಿಲ್ಲ. ಆದರೆ ಎದುರು ಮಂಚದವರ ಮಗ ನಮ್ಮ ಕಡೆ ನೋಡುತ್ತಿದ್ದ. "ಆಮೇಲೆ ಹೇಳ್ತೀನಪ್ಪ, ಈಗ ಇದು ತಿನ್ನಿ" ಎಂದು ಮೂಸಂಬಿಯ ತೊಳೆ ಬಾಯಿಗಿಟ್ಟೆ. ಅವರು ತಿಂದರು. ಮೂರನೆಯ ದಿನ ಬೆಳಿಗ್ಗೆ ಹೋದರು.

ಮಣ್ಣಿಗೆ ಒಯ್ಯುವ ಮುಂಚೆ ಅಂಗಳದಲ್ಲಿ ಮಗನಾದವನು ತಲೆಯ ಮೇಲಿಂದ ನೀರು ಸುರಿದುಕೊಂಡು ಒದ್ದೆಯಲ್ಲೇ ಬರಬೇಕು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು, "ಅಂಗಿ, ಬನಿಯನ್ ತಗದು ನೀರು ಹಾಕ್ಕಳಪ್ಪ" ಅಂದರು. ಅಂಗಿ ತೆಗೆದೆ. ಆಸ್ಪತ್ರೆಯಿಂದ ಬಂದ ಅವಸರದಲ್ಲಿ ಒಂದೇ ಬನಿಯನ್ ತೊಟ್ಟಿದ್ದೆ, ಅದಕ್ಕೆ ಕೈ ಹೋಗಲಿಲ್ಲ. ಹಾಗೇ ನೀರು ಸುರಿದುಕೊಂಡೆ. ತೆಳ್ಳನೆಯ ಬಿಳಿ ಬಟ್ಟೆ ಮೈಗೆ ಅಂಟಿ, ಮುಚ್ಚಿಡುವ ಬದಲು ಎಲ್ಲವನ್ನೂ ತೋರಿಸಿತು. ಹಿರಿಯ ನೆಂಟರೊಬ್ಬರು, "ಅಪ್ಪನ ಮುಂದೆನೂ ಬನಿಯನ್ ಬಿಚ್ಚಾಕೆ ಆಗಲ್ವೇನೋ" ಎಂದು ಎಲ್ಲರಿಗೂ ಕೇಳುವಂತೆ ಅಂದರು. ಆಗ ಹೆಂಗಸರ ಗುಂಪಿನಿಂದ ನನ್ನ ಹೆಂಡತಿ ನೇರ ಎದ್ದು ಬಂದಳು. ಅಪ್ಪನ ಶಲ್ಯ ಅವಳ ಕೈಯಲ್ಲಿತ್ತು. ನನ್ನ ಎರಡೂ ಭುಜದ ಮೇಲಿಂದ ಎದೆಯ ತುಂಬ ಹೊದಿಸಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ವಾಪಸ್ ಹೋಗಿ ಕೂತಳು. ಅಪ್ಪನನ್ನು ಹೊತ್ತುಕೊಂಡು ಹೋಗುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಅಪ್ಪನಲ್ಲ. ಇವಳಿಗೆ ಗೊತ್ತಿದೆ ಅನ್ನುವುದು. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ನನ್ನ ಬನಿಯನ್ನುಗಳ ರಾಶಿಯನ್ನು ಪಕ್ಕಕ್ಕಿಟ್ಟು, "ಎಂತಕ್ಕೆ ಇಷ್ಟು ವರ್ಷ ಒಬ್ರೇ ಇಟ್ಕಂಡ್ರಿ ಇದನ್ನ?" ಅಂದಳು.

ನಾನು ಗೊತ್ತಿಲ್ಲದವನಂತೆ, "ಯಾವುದು?" ಅಂದೆ.

"ಯಾವುದು ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಮದುವೆ ಆಗಿ ತಿಂಗಳಿಗೇ ಗೊತ್ತಾಗಿತ್ತು ನಂಗೆ. ಕೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು ನಾನು." ಮಡಚುವುದನ್ನು ನಿಲ್ಲಿಸಿ ಹೇಳಿದಳು, "ಇದಕ್ಕೆ ಆಪರೇಷನ್ ಇದೆ ಮಾರಾಯ್ರೆ. ಮೊಬೈಲಲ್ಲಿ ನೋಡೀನಿ. ಶಿವಮೊಗ್ಗಕ್ಕೆ ಹೋಗಿ ತೋರ್ಸಣ."

ಹನ್ನೆರಡು ವರ್ಷ ಒಂದೇ ಮನೆಯಲ್ಲಿ ನಾನು ನಾಚಿಕೆಗೆ, ಅವಳು ನನಗೆ ನೋವಾಗದಿರಲೆಂದು, ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು.

ಶಿವಮೊಗ್ಗದ ಪ್ಲಾಸ್ಟಿಕ್ ಸರ್ಜನ್ ನಲವತ್ತೈದರ ಆಸುಪಾಸಿನ ಹೆಂಗಸು. ಒಳಗೆ ಹೋದಾಗ ಇದು ನನ್ನ ಕೈಯಲ್ಲಿ ಆಗುವುದಿಲ್ಲ ಅನಿಸಿ ಬಾಗಿಲಲ್ಲೇ ನಿಂತೆ. ಹೆಂಡತಿ ಹಿಂದಿನಿಂದ ಮೆಲ್ಲಗೆ ನೂಕಿದಳು. ಡಾಕ್ಟರು ಏನನ್ನೂ ಗಮನಿಸದವರಂತೆ, "ಅಂಗಿ ತೆಗೆದು ನೇರವಾಗಿ ನಿಂತ್ಕೊಳ್ಳಿ, ಬೆನ್ನು ಬಗ್ಗಿಸ್ಬೇಡಿ" ಅಂದರು. ಗುಂಡಿ ಬಿಚ್ಚಿ, ಎರಡೂ ಬನಿಯನ್ ತೆಗೆದು ನಿಂತೆ. ಅವರು ಎರಡೂ ಕಡೆ ಒತ್ತಿ ನೋಡಿದ್ದು ಹೆಚ್ಚೆಂದರೆ ಎರಡು ನಿಮಿಷ. "ಇದು ಬರೀ ಬೊಜ್ಜಲ್ಲ. ಒಳಗೆ ಗ್ರಂಥಿ ಬೆಳೆದಿದೆ. ಓಡಿದ್ರೆ, ಉಪವಾಸ ಮಾಡಿದ್ರೆ ಇದು ಹೋಗಲ್ಲ. ಹರೆಯದಲ್ಲಿ ಎಷ್ಟೋ ಗಂಡುಮಕ್ಕಳಿಗೆ ಹಿಂಗೆ ಬರುತ್ತೆ, ಬಹಳ ಜನರಿಗೆ ವರ್ಷ ಎರಡು ವರ್ಷದಲ್ಲಿ ತಾನೇ ಇಳಿದುಹೋಗುತ್ತೆ. ನಿಮಗೆ ಉಳಿದುಬಿಟ್ಟಿದೆ."

ಎಷ್ಟೋ ಗಂಡುಮಕ್ಕಳಿಗೆ. ನಾನು ಆ ಮಾತಿನ ಮೇಲೇ ನಿಂತುಬಿಟ್ಟೆ. ನಮ್ಮ ಶಾಲೆಯಲ್ಲೇ ಇನ್ನೆಷ್ಟು ಜನ ಅಂಗಿಯೊಳಗೆ ಬಚ್ಚಿಟ್ಟುಕೊಂಡು, ನನ್ನನ್ನು ಅಕ್ಕ ಎಂದು ಕರೆದು ತಪ್ಪಿಸಿಕೊಂಡಿದ್ದರೋ.

ಹಾರ್ಮೋನು, ಥೈರಾಯ್ಡ್, ಲಿವರ್ ಎಂದು ರಕ್ತ ಪರೀಕ್ಷೆ ಬರೆದರು, ಎದೆಯ ಸ್ಕ್ಯಾನ್ ಮಾಡಿಸಿದರು. ಯಾವ ಮಾತ್ರೆ ತಗೊಳ್ತೀರಿ, ಕುಡಿಯುವ ಅಭ್ಯಾಸ ಇದೆಯೇ, ಸಿಗರೇಟು ಇದೆಯೇ ಎಂದು ಕೇಳಿದರು. ಬೇರೆ ಕಾಯಿಲೆಯಿಂದ ಬಂದದ್ದಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು: ಪಕ್ಕದಲ್ಲಿ ಚಿಕ್ಕ ತೂತಿನಿಂದ ಕೊಬ್ಬು ಎಳೆಯುವುದು, ಮೊಲೆತೊಟ್ಟಿನ ಸುತ್ತಲ ಕಪ್ಪು ಅಂಚಿನಲ್ಲೇ ಕೊಯ್ದು ಗ್ರಂಥಿ ತೆಗೆಯುವುದು, ಹಾಗಾದರೆ ಗಾಯದ ಗೆರೆ ಅಂಚಿನಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಪೆನ್ನು ಕೆಳಗಿಟ್ಟು, "ಒಂದು ವಿಷಯ ಈಗಲೇ ಹೇಳಿಬಿಡ್ತೀನಿ. ಇಪ್ಪತ್ತು ವರ್ಷದವರಿಗೆ ಚರ್ಮ ತಾನೇ ಬಿಗಿದುಕೊಳ್ಳುತ್ತೆ. ನಿಮಗೆ ನಲವತ್ತೊಂದು. ಸ್ವಲ್ಪ ಸಡಿಲ ಉಳಿಯಬಹುದು. ತೊಟ್ಟಿನ ಸುತ್ತ ಸ್ಪರ್ಶ ಕೆಲವು ತಿಂಗಳು ಇರಲ್ಲ, ಕೆಲವರಿಗೆ ಪೂರ್ತಿ ವಾಪಸ್ ಬರೋದೇ ಇಲ್ಲ. ಎರಡೂ ಕಡೆ ಅಚ್ಚು ಹಾಕಿದಂಗೆ ಒಂದೇ ಥರ ಇರಲ್ಲ. ಇದಕ್ಕೆ ಒಪ್ಪಿದ್ರೆ ಮಾಡೋಣ" ಅಂದರು.

"ಮುಂಚೇನೇ ಬರಬೇಕಾಗಿತ್ತಾ ಮೇಡಂ?" ಎಂದು ಕೇಳಿದೆ.

"ಬಂದಿದ್ರೆ ಚೆನ್ನಾಗಿರೋದು" ಅಂದರು ಅವರು, ಸುತ್ತಿ ಬಳಸದೆ.

ಮನೆಯಲ್ಲಿ ಅವ್ವನಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಎದೆಯಲ್ಲಿ ಸಣ್ಣದೊಂದು ಗೆಡ್ಡೆ ಇದೆ, ತೆಗೆಸಿಕೊಂಡು ಬರುತ್ತೇನೆ ಅಂದೆ. ನಿಜ ಹೇಳಿಬಿಡಿ ಎಂದು ಹೆಂಡತಿ ಎರಡು ಸಲ ಹೇಳಿದಳು, ನಾನು ಕೇಳಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಬರಿಹೊಟ್ಟೆ. ಡಾಕ್ಟರು ನನ್ನನ್ನು ನಿಲ್ಲಿಸಿ ಎದೆಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದರು. ಮುಖ ಬಾರದಂತೆ ಮುಂದಿನಿಂದ, ಪಕ್ಕದಿಂದ ಫೋಟೋ ತೆಗೆದರು. ನಾನು ಊರೂರಿನಲ್ಲಿ ಜಮೀನಿಗೆ ಗಡಿ ಗುರುತು ಹಾಕುವವನು. ನನ್ನ ಮೈಯ ಮೇಲೆ ಗುರುತು ಬೀಳುವಾಗ ನೆಟ್ಟಗೆ ಗೋಡೆ ನೋಡುತ್ತ ನಿಂತಿದ್ದೆ. ಆಮೇಲೆ ಅರಿವಳಿಕೆ. ಎಚ್ಚರವಾದಾಗ ಗಂಟಲು ಒಣಗಿತ್ತು, ಹೊಟ್ಟೆ ತೊಳೆಸುತ್ತಿತ್ತು. ಎದೆಯ ಮೇಲೆ ಯಾರೋ ಮೂಟೆ ಇಟ್ಟಂತೆ ಭಾರ. ಎರಡೂ ಪಕ್ಕೆಯಿಂದ ಸಣ್ಣ ಕೊಳವೆ ಹೊರಬಂದಿತ್ತು, ಅದರ ತುದಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಂಪು ನೀರು ಸೇರುತ್ತಿತ್ತು. ನೋವು ನಾನು ಹೆದರಿದ್ದಷ್ಟು ಇರಲಿಲ್ಲ. ಕೆಮ್ಮಿದರೆ, ಮಂಚದಿಂದ ಏಳಲು ಕೈ ಊರಿದರೆ ಮಾತ್ರ ಜೀವ ಹೋದಂತಾಗುತ್ತಿತ್ತು. ಮರುದಿನ ಮನೆಗೆ ಕಳಿಸಿದರು. ಎರಡು ದಿನ ಬಿಟ್ಟು ಹೋಗಿ ಕೊಳವೆ ತೆಗೆಸಿಕೊಂಡು ಬಂದೆವು.

ಬಿಗಿಯಾದ ಒಂದು ಜಾಕೀಟು ಕೊಟ್ಟಿದ್ದರು, ಸ್ನಾನ ಬಿಟ್ಟರೆ ಹಗಲೂ ರಾತ್ರಿ ಆರು ವಾರ ತೊಡಬೇಕು. ಪಟ್ಟಿ ಬದಲಿಸುವಾಗ ಮೊದಲ ಸಲ ನೋಡಿಕೊಂಡಾಗ ನನಗೆ ಅಳು ಬಂತು. ಎದೆ ನೇರಳೆ, ಹಳದಿ, ಹಸಿರು ಬಣ್ಣಕ್ಕೆ ತಿರುಗಿ ಬಾತುಕೊಂಡಿತ್ತು. ಮೊದಲಿಗಿಂತ ದಪ್ಪವಾಗಿಯೇ ಕಂಡಿತು. ಎಲ್ಲವೂ ದಂಡವಾಯಿತು ಅಂದುಕೊಂಡೆ. ಹೆಂಡತಿ, "ಬಾವು ಇಳಿಬೇಕು, ಮೂರು ತಿಂಗಳಾದ್ರೂ ಬೇಕು ಅಂದಿಲ್ವಾ ಅವ್ರು? ಕನ್ನಡಿ ಮುಂದೆ ನಿಲ್ಬೇಡಿ ನೀವು" ಎಂದು ಗದರಿದಳು. ಕೈ ಮೇಲೆತ್ತುವಂತಿರಲಿಲ್ಲ, ಬಿಂದಿಗೆ ಎತ್ತುವಂತಿರಲಿಲ್ಲ, ಬೈಕ್ ಅಂತೂ ಮೂರು ವಾರ ಇಲ್ಲ. ಅವಳೇ ತಲೆ ಬಾಚಿದಳು, ಬೆನ್ನು ಒರೆಸಿದಳು. ಬಲಗಡೆ ಒಂದು ಕಡೆ ರಕ್ತ ಹೆಪ್ಪುಗಟ್ಟಿ ಗಂಟಾಗಿ, ಮತ್ತೆ ಶಿವಮೊಗ್ಗಕ್ಕೆ ಹೋಗಿ ಸೂಜಿಯಿಂದ ತೆಗೆಸಿಕೊಳ್ಳಬೇಕಾಯಿತು. ಹೀಗಾಗುವುದೂ ಉಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ತಲೆಯಲ್ಲಿತ್ತು, ಆದರೂ ಗಾಬರಿಯಾಯಿತು.

ಇಷ್ಟರ ನಡುವೆ ಅವ್ವ ಇಳಿದುಹೋಗುತ್ತಿದ್ದುದನ್ನು ನಾನು ಗಮನಿಸಲೇ ಇಲ್ಲ. ಅಪ್ಪ ಹೋದ ದುಃಖ ಎಂದುಕೊಂಡಿದ್ದೆ. ಮಧ್ಯಾಹ್ನದ ಊಟ ಬಿಟ್ಟಿದ್ದಳು. ಹೆಂಡತಿ ಬಲವಂತ ಮಾಡಿದ ದಿನ ತಟ್ಟೆ ಸರಿಸಿ ಅತ್ತುಬಿಟ್ಟಳಂತೆ. ನಾನು ಹೋದಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು.

"ಗೆಡ್ಡೆ ಪರೀಕ್ಷೆಗೆ ಕಳ್ಸ್ಯಾರೆ ಅಂತ ಫೋನಾಗೆ ಮಾತಾಡ್ತಿದ್ದೆ ನೀನು. ನಂಗೇನು ತಿಳಿಯಲ್ಲ ಅನ್ಕಂಡೀಯಾ? ಕ್ಯಾನ್ಸರ್ ಅಲ್ವೇನೋ ಅದು?" ಅಂದಳು. "ಅವ್ರನ್ನ ಕಳ್ಕಂಡು ಆರು ತಿಂಗಳಾಗಿಲ್ಲ. ನಿನ್ನೂ ಕಳ್ಕಂಡು ನಾನು ಇರ್ಬೇಕಾ?"

ತೆಗೆದ ಗ್ರಂಥಿಯನ್ನು ಲ್ಯಾಬಿಗೆ ಕಳಿಸುವುದು ಪದ್ಧತಿ, ಅದರ ವರದಿಯೂ ಒಳ್ಳೆಯದೇ ಬಂದಿತ್ತು. ನನ್ನ ಒಂದು ಸುಳ್ಳಿನಿಂದ ಅವ್ವ ಐದು ವಾರ ಒಪ್ಪೊತ್ತು ಊಟದಲ್ಲಿದ್ದಳು, ನನ್ನ ಹೆಸರಿನಲ್ಲಿ ಹರಕೆ ಹೊತ್ತಿದ್ದಳು. ನಾನು ಅವಳ ಎದುರು ನೆಲದ ಮೇಲೆ ಕೂತೆ. ಹದಿಮೂರನೆಯ ವಯಸ್ಸಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಹುಣಸೆಬೀಜದಂಥ ಗಂಟು, ಶಾಲೆಯಲ್ಲಿ ಕರೆದ ಹೆಸರು, ಎರಡು ಬನಿಯನ್, ಪಾದಪೂಜೆಯ ದಿನದ ಸುಳ್ಳು ಅಳತೆ. ಪೂಜೆಗೆ ಯಾಕೆ ಕೂರುತ್ತಿರಲಿಲ್ಲ ಎನ್ನುವುದನ್ನು ಕೊನೆಗೆ ಹೇಳಿದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು, "ಒಂದು ಮಾತು ಹೇಳಿದ್ರೆ ಆಗಿತ್ತಲ್ಲೋ. ನಿಮ್ಮಪ್ಪನೂ ಬನಿಯನ್ ಹಾಕ್ಕಂಡೇ ಕೂರ್ತಿದ್ರು ನಿನ್ನ ಜತಿಗೆ."

ನಾನು ಆ ಮಾತಿಗೆ ಸಿದ್ಧನಿರಲಿಲ್ಲ. ಹೇಳಿದ್ದರೆ ಅಪ್ಪ ಬಯ್ಯುತ್ತಿದ್ದರು, ನಗುತ್ತಿದ್ದರು, ಅಸಹ್ಯಪಡುತ್ತಿದ್ದರು, ಯಾರಾದರೊಬ್ಬ ವೈದ್ಯರ ಹತ್ತಿರ ಎಳೆದೊಯ್ಯುತ್ತಿದ್ದರು ಎಂದೆಲ್ಲ ಇಪ್ಪತ್ತೆಂಟು ವರ್ಷ ಲೆಕ್ಕ ಹಾಕಿದ್ದೆ. ಅವರೂ ಬನಿಯನ್ ಹಾಕಿಕೊಂಡು ಪಕ್ಕದಲ್ಲಿ ಕೂರಬಹುದಿತ್ತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹೌದು, ಅವರು ಖಂಡಿತ ಹಾಗೇ ಮಾಡುತ್ತಿದ್ದರು. ಅವರು ಅಂಥ ಮನುಷ್ಯ.

"ಏಳು, ಅನ್ನ ಹಾಕ್ತೀನಿ" ಅಂದಳು ಅವ್ವ. ಆ ಮಧ್ಯಾಹ್ನ ನಾವು ಮೂವರೂ ಒಟ್ಟಿಗೆ ಉಂಡೆವು.

ಬಾವು ಇಳಿಯಲು ಡಾಕ್ಟರು ಹೇಳಿದಷ್ಟೇ ಕಾಲ ಹಿಡಿಯಿತು. ಈಗ ಎದೆ ಸಪಾಟಾಗಿದೆ. ಕೆಳಗಡೆ ಸ್ವಲ್ಪ ಚರ್ಮ ಸಡಿಲವಾಗಿ ಮಡಿಕೆ ಬೀಳುತ್ತದೆ, ಕೂತರೆ ಕಾಣುತ್ತದೆ. ಗಾಯದ ಗೆರೆ ಹುಡುಕಿದರೆ ಮಾತ್ರ ಸಿಗುತ್ತದೆ. ಎಡಗಡೆ ಒಂದು ರೂಪಾಯಿ ನಾಣ್ಯದಗಲ ಇನ್ನೂ ಜೋಮು, ಅಲ್ಲಿ ಯಾರು ಮುಟ್ಟಿದರೂ ನನಗೆ ಗೊತ್ತಾಗುವುದಿಲ್ಲ. ಬೆನ್ನು ಬಗ್ಗಿಸುವ ಚಾಳಿ ಹೋಗಿಲ್ಲ. ಅದಕ್ಕೆ ಆಪರೇಷನ್ ಇಲ್ಲ. ಮೊನ್ನೆ ಮಗಳು ಊಟಕ್ಕೆ ಕೂತಾಗ, "ಅಪ್ಪಾಜಿ, ನೆಟ್ಟಗೆ ಕೂತ್ಕೊಳ್ಳಿ" ಅಂದಳು.

ಅಪ್ಪ ಹೋಗಿ ವರ್ಷವಾದಾಗ ಸ್ಮರಣೆಗೆ ಬರಿಮೈಯಲ್ಲಿ ಕೂತೆ. ವಿಭೂತಿಯನ್ನು ನಾನೇ ಹಚ್ಚಿಕೊಂಡೆ. ಬಂದಿದ್ದವರಲ್ಲಿ ಯಾರೂ ನನ್ನ ಎದೆಯನ್ನು ನೋಡಲಿಲ್ಲ. ಎಲ್ಲರೂ ಗುರುಗಳ ಕಡೆ, ಎಲೆಯ ಕಡೆ, ತಮ್ಮ ತಮ್ಮ ಮೊಬೈಲಿನ ಕಡೆ ನೋಡುತ್ತಿದ್ದರು. ಸಮಾಧಾನವಾಗಬೇಕಿತ್ತು. ಬದಲಿಗೆ, ಇದು ಇಷ್ಟು ಸುಲಭವಿತ್ತೇ ಎಂದು ಒಳಗೆ ಏನೋ ಕುಸಿಯಿತು.

ಆ ದಿನ ಬರಲಾಗದಿದ್ದ ಅಪ್ಪನ ಹಳೆಯ ಗೆಳೆಯರೊಬ್ಬರು ಶಿರಾಳಕೊಪ್ಪದಲ್ಲಿದ್ದಾರೆ, ಪಕ್ಕದ ಮಳಿಗೆಯಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದವರು. ಮುಂದಿನ ವಾರ ಪ್ರಸಾದ ಕೊಡಲು ಹೋದೆ. ಸಂತೆಯ ದಿನ, ರಸ್ತೆ ತುಂಬ ಜನ. ಅವರು ಗೋಣಿಚೀಲ ಸರಿಸಿ ನನಗೆ ಜಾಗ ಮಾಡಿಕೊಟ್ಟು, ಚಹಾ ತರಿಸಿದರು. ಮಾತು ಅಪ್ಪನ ಕಡೆ ತಿರುಗಿತು.

"ನಿನ್ನ ಬಗ್ಗೆ ಒಂದು ಕೊರಗಿತ್ತು ಅವ್ರಿಗೆ" ಅಂದರು. "ಹೇಳ್ಬೇಕೋ ಬ್ಯಾಡ್ವೋ ಗೊತ್ತಿಲ್ಲ. ಮಗ ನನ್ನ ಪಕ್ಕ ಕುಂದ್ರಲ್ಲ ಕಣ್ರೀ, ಎಲ್ಲಿ ತಪ್ಪು ಮಾಡಿದ್ನೋ ತಿಳಿವಲ್ದು ಅಂತಿದ್ರು. ಭಾಳ ಸಲ ಅಂದಾರೆ. ಏನಾಗಿತ್ತಪ್ಪ ನಿಮ್ಮಿಬ್ರಿಗೆ?"

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಎದುರು ಬೆಂಚಿನ ಮೇಲೆ ಇಬ್ಬರು ಹಮಾಲರು ಕೂತು ಬೀಡಿ ಸೇದುತ್ತಿದ್ದರು. ನಾನು ದನಿ ತಗ್ಗಿಸದೆ ಹೇಳಿದೆ. ಗಂಡಸರಿಗೆ ಬರಬಾರದ ಕಡೆ ಗ್ರಂಥಿ ಬೆಳೆದಿತ್ತು, ಅಪ್ಪನ ಮುಂದೆ ಮೈ ಬಿಡಲು ನಾಚಿಕೆಯಾಗುತ್ತಿತ್ತು, ಈಗ ಆಪರೇಷನ್ ಮಾಡಿಸಿಕೊಂಡಿದ್ದೇನೆ, ಅವರ ತಪ್ಪು ಏನೂ ಇರಲಿಲ್ಲ. ನಾಲ್ಕೈದು ವಾಕ್ಯದಲ್ಲಿ ಮುಗಿದುಹೋಯಿತು.

ಅವರು ಚಹಾದ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ಇಷ್ಟೇನಾ?" ಅಂದರು.

"ಇಷ್ಟೇ" ಅಂದೆ.

ಗಿರಾಕಿಯೊಬ್ಬ ಹೆಸರುಕಾಳಿನ ದರ ಕೇಳಿದ. ಅವರು ಎದ್ದು ಹೋಗುವ ಮುಂಚೆ ನನ್ನ ಭುಜದ ಮೇಲೆ ಒಂದು ಗಳಿಗೆ ಕೈ ಇಟ್ಟರು. ನಾನು ತಣ್ಣಗಾಗಿದ್ದ ಚಹಾ ಕುಡಿದು ಮುಗಿಸಿ, ಶಿಕಾರಿಪುರದ ಬಸ್ಸು ನಿಲ್ಲುವ ಕಡೆ ನಡೆದೆ.